ಉರಿ ಇಲ್ಲ ಅಂತ ಮಾತ್ರೆ ನಿಲ್ಲಿಸಬಹುದೇ?

ಮದ್ದೂರು ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: “ಮಗಳು ಹೆರಿಗೆಗೆ ಮನೆಗೆ ಬಂದಿದ್ದಾಳೆ. ಈಗ ಏಳು ತಿಂಗಳು. ಯೂರಿನ್ ಕಲ್ಚರ್‌ನಲ್ಲಿ (ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬ್ಯಾಕ್ಟೀರಿಯಾ ಇದೆ ಅಂತ ಡಾಕ್ಟರು ಮಾತ್ರೆ ಬರೆದರು. ಅವಳಿಗೆ ಉರಿ ಇಲ್ಲ, ಜ್ವರ ಇಲ್ಲ. ಎರಡು ದಿನ ಕೊಟ್ಟು ನಿಲ್ಲಿಸಿದೆ. ಬಸುರಿಗೆ ಸುಮ್ನೆ ಯಾಕೆ ಮಾತ್ರೆ, ಅಲ್ವಾ?”

ಬಸುರಿಗೆ ಕಂಡಕಂಡ ಮಾತ್ರೆ ಕೊಡಬಾರದು ಅನ್ನುವ ನಿಮ್ಮ ಎಚ್ಚರ ಸರಿಯೇ. ಆದರೆ ತಾಯಿ, ನಿಲ್ಲಿಸಿದ್ದು ಸರಿಯಲ್ಲ. ಇವತ್ತೇ ಡಾಕ್ಟರ ಹತ್ತಿರ ಹೋಗಿ, ನಡುವೆ ಬಿಟ್ಟಿದ್ದನ್ನು ಮುಚ್ಚಿಡದೆ ಹೇಳಿ.

ಉರಿ ಇಲ್ಲದೆಯೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. 100 ಬಸುರಿಯರಲ್ಲಿ 2ರಿಂದ 10 ಮಂದಿಗೆ ಹೀಗಾಗುತ್ತದೆ. ಬೇರೆಯವರಿಗಾದರೆ ಸಾಮಾನ್ಯವಾಗಿ ಮಾತ್ರೆ ಬೇಕಾಗಿಲ್ಲ. ಬಸುರಿಯರ ಮಾತೇ ಬೇರೆ. ಮೂತ್ರನಾಳ ಸಡಿಲವಾಗಿರುತ್ತದೆ, ಗರ್ಭಕೋಶ ಒತ್ತುತ್ತದೆ, ಮೂತ್ರ ಸರಾಗವಾಗಿ ಇಳಿಯುವುದಿಲ್ಲ. ಸೋಂಕು ಕಿಡ್ನಿಗೆ ಹತ್ತಿದರೆ ಚಳಿಜ್ವರ, ಸೊಂಟನೋವು. ದಿನ ತುಂಬುವ ಮೊದಲೇ ಹೆರಿಗೆಯೂ ಆಗಬಹುದು.

ಆ ಕಲ್ಚರ್ ರಿಪೋರ್ಟನ್ನು ಇನ್ನೊಮ್ಮೆ ನೋಡಿ. ಔಷಧಿಗಳ ಹೆಸರಿನ ಪಕ್ಕ ‘ಎಸ್’ ಅಥವಾ ‘ಆರ್’ ಅಂತಿರುತ್ತದೆ. ಎಸ್ ಇದ್ದರೆ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗುತ್ತದೆ. ಆರ್ ಇದ್ದರೆ ಜಗ್ಗುವುದಿಲ್ಲ. ಎಸ್ ಇರುವುದನ್ನೆಲ್ಲ ಬಸುರಿಗೆ ಕೊಡುವಂತಿಲ್ಲ, ಸಿಪ್ರೊಫ್ಲಾಕ್ಸಾಸಿನ್‌ನಂಥದ್ದನ್ನು ಡಾಕ್ಟರು ಸಾಮಾನ್ಯವಾಗಿ ದೂರವೇ ಇಡುತ್ತಾರೆ. ಉಳಿಯುವುದೇ ನಾಲ್ಕಾರು. ಅವಕ್ಕೂ ಆರ್ ಬಿದ್ದರೆ ಅಡ್ಮಿಟ್ ಆಗಿ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕಾದೀತು.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಔಷಧಿ ಸಾಲದಷ್ಟು ತಗೊಂಡರೆ ಬ್ಯಾಕ್ಟೀರಿಯಾ ಅದಕ್ಕೆ ಜಗ್ಗದಂತಾಗುತ್ತದೆ ಅಂತ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಗಂಟಲು ನೋವಿನ ಗಂಡ ಸಾಲದಷ್ಟು ಪೆನಿಸಿಲಿನ್ ತಗೊಳ್ಳುತ್ತಾನೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಔಷಧಿಯನ್ನು ಎದುರಿಸಲು ಕಲಿಯುತ್ತದೆ. ಅದೇ ಹೆಂಡತಿಗೆ ಅಂಟಿ, ಅವಳಿಗೆ ಔಷಧಿ ನಾಟದೆ ಸಾಯುತ್ತಾಳೆ. ಅವರು ಕೊಟ್ಟ ಉದಾಹರಣೆ ಇದು.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಮೈಸೂರಿನ ನಮ್ಮ ಬೀದಿಯ ಮೆಡಿಕಲ್ಸಿನಲ್ಲಿ ಚೀಟಿ ಕೇಳುವವರೇ ಇಲ್ಲ. “ನೆಗಡಿಗೆ ಸ್ವಲ್ಪ ಸ್ಟ್ರಾಂಗ್ ಇರೋದು ಕೊಡಿ” ಅಂದರೆ ಸಾಕು, ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಮೂರು ಆಂಟಿಬಯಾಟಿಕ್ (ಬ್ಯಾಕ್ಟೀರಿಯಾ ಕೊಲ್ಲುವ) ಮಾತ್ರೆ ಕೊಡುತ್ತಾರೆ. ಚೀಟಿ ಇಲ್ಲದೆ ತಗೋಬೇಡಿ ಅಂತ ಹೇಳುವ ಕೆಂಪು ಗೆರೆ ಉಳಿದ ತುಂಡಿನಲ್ಲೇ ಇರುತ್ತದೆ. 2014ರಿಂದ ಎಷ್ಟೋ ಆಂಟಿಬಯಾಟಿಕ್‌ಗಳಿಗೆ ರೋಗಿಯ ಹೆಸರು, ಡಾಕ್ಟರ ಹೆಸರು ರಿಜಿಸ್ಟರಿನಲ್ಲಿ ಬರೆಯಬೇಕು ಅಂತ ಕಾನೂನಿದೆ. ಆ ರಿಜಿಸ್ಟರ್ ತೆರೆದದ್ದನ್ನು ನಾನಂತೂ ಕಂಡಿಲ್ಲ. ಕಲ್ಚರ್ ರಿಪೋರ್ಟಿಗೆ ಎರಡು ಮೂರು ದಿನ ಕಾಯಬೇಕು, ಮಾತ್ರೆ ಎರಡೇ ನಿಮಿಷಕ್ಕೆ ಸಿಗುತ್ತದೆ. ಇದಕ್ಕೆ ಯಾರೂ ಕೇಳುವವರಿಲ್ಲವೇ?

ಕೋರ್ಸ್ ಮುಗಿದ ಮೇಲೆ ಇನ್ನೊಂದು ಕಲ್ಚರ್ ಯಾವಾಗ ಅಂತ ಡಾಕ್ಟರನ್ನೇ ಕೇಳಿ. ರಿಪೋರ್ಟನ್ನು ತಾಯಿ ಕಾರ್ಡಿನ ಜೊತೆ ಇಡಿ. ರಿಪೋರ್ಟಿನಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಹೆಸರಿದ್ದರೆ ಹೆರಿಗೆ ನೋವು ಶುರುವಾದಾಗಲೇ ಆಸ್ಪತ್ರೆಯಲ್ಲಿ ಹೇಳಿ. ಮಗುವಿಗೆ ಸೋಂಕು ತಗುಲದಂತೆ ಆಗ ಪೆನಿಸಿಲಿನ್ ಕೊಡುತ್ತಾರೆ.

- ಸಂ.