ಹವಳದ ತೊಟ್ಟಿಗೊಂದು ಪಾಚಿ ಕೋಣೆ

ಪ್ರಶ್ನೆ: ನನ್ನ 200 ಲೀಟರ್ ಉಪ್ಪುನೀರಿನ ಹವಳದ ತೊಟ್ಟಿಯಲ್ಲಿ ನೈಟ್ರೇಟ್ (ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ಲವಣ) 40 ಪಿಪಿಎಂನಿಂದ ಇಳಿಯುತ್ತಿಲ್ಲ. ರೆಫ್ಯೂಜಿಯಂ, ಅಂದರೆ ಪಾಚಿ ಬೆಳೆಸುವ ಪ್ರತ್ಯೇಕ ಕೋಣೆ, ಸೇರಿಸಲೇ?
– ಓದುಗರು, ಮಂಗಳೂರು

ಉತ್ತರ: ಖಂಡಿತ ಸೇರಿಸಿ. ನಾನು ತೊಟ್ಟಿ ಕೆಳಗಿನ ಸಂಪ್‌ನಲ್ಲೇ (ತೊಟ್ಟಿಯ ನೀರು ಶುದ್ಧವಾಗಿ ಮರಳುವ ಪೆಟ್ಟಿಗೆ) ಒಂದು ಭಾಗ ಬಿಟ್ಟು, ಮುಷ್ಟಿಯಷ್ಟು ಕೀಟೊಮಾರ್ಫಾ ಹಾಕಿದ್ದೇನೆ. ಶಾವಿಗೆ ಉಂಡೆಯಂಥ ಹಸಿರು ಪಾಚಿ ಅದು. ಬೆಳೆಯುತ್ತಾ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಹೀರುತ್ತದೆ. ಆದರೆ ಬೆಳೆದದ್ದನ್ನು ಕಿತ್ತು ತೆಗೆದರೆ ತಾನೇ ಅವು ತೊಟ್ಟಿಯಿಂದ ಹೊರಗೆ ಹೋಗುವುದು, ಅಲ್ವಾ? ಹದಿನೈದು ದಿನಕ್ಕೊಮ್ಮೆ ಅರ್ಧ ತೆಗೆಯುತ್ತೇನೆ. ಪಾಚಿ ಕೋಣೆಯ ದೀಪ ರಾತ್ರಿ ಉರಿಯಲಿ. ಆಗ ನೀರಿನ ಪಿಎಚ್ (ಆಮ್ಲ-ಕ್ಷಾರ ಮಟ್ಟ) ರಾತ್ರಿ ಜಾಸ್ತಿ ಕುಸಿಯುವುದಿಲ್ಲ.

ಕಾಲರ್ಪಾ ಪಾಚಿ ಮಾತ್ರ ಬೇಡ. ನನ್ನಲ್ಲಿ ಅದು ಒಂದೇ ರಾತ್ರಿಯಲ್ಲಿ ಬಿಳಚಿ ಸತ್ತು, ನೀರೆಲ್ಲ ಹಾಲಿನಂತಾಗಿತ್ತು. ಎರಡು ಮೀನು ಹೋದವು, ಇಂದಿಗೂ ನೋವಿದೆ.

ಇನ್ನೊಂದು ಲಾಭ: ಮೀನಿನ ಕಾಟವಿಲ್ಲದೆ ಕೋಪೆಪಾಡ್‌ ಎಂಬ ಸಿಗಡಿ ಜಾತಿಯ ಪುಟಾಣಿ ಜೀವಿಗಳು ಅಲ್ಲಿ ಚೆನ್ನಾಗಿ ಹೆಚ್ಚುತ್ತವೆ. ಮ್ಯಾಂಡರಿನ್ ಮೀನಿಗೆ ಅದೇ ಊಟ.