ಗೊತ್ತಾಗ್ತಿಲ್ಲ ಅಂತ ಹೇಳಲಾಗದ ಸಹಪೈಲಟ್: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ವಿಮಾನ ಸಂಸ್ಥೆ, ಘಟನೆ ನಡೆದ ನಿಲ್ದಾಣ ಯಾವುದನ್ನೂ ಹೇಳಿಲ್ಲ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.)

ಮೊದಲು ಫೋನ್ ಮಾಡಿದ್ದು ತಾಯಿ. "ಮಗ ರಜೆಗೆ ಬಂದಿದಾನೆ ಮೇಡಂ. ರಾತ್ರಿ ಎರಡು ಗಂಟೆವರೆಗೂ ಟ್ಯಾಬ್ ಹಿಡ್ಕೊಂಡು ಕೂತಿರ್ತಾನೆ. ಕೇಳಿದ್ರೆ ಓದ್ತಿದೀನಿ ಅಂತಾನೆ. ಕೆಲಸ ಸಿಕ್ಕಿದ್ಮೇಲೂ ಏನು ಓದೋದು?"

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಮಗನ ಪೈಲಟ್ ಕೋರ್ಸಿಗೆ ತೋಟದ ಮೇಲೆ ಸಾಲ ಎತ್ತಿದ್ದಾರೆ. ಈಗ ಅವನು ಒಂದು ವಿಮಾನ ಸಂಸ್ಥೆಯಲ್ಲಿ ಸಹಪೈಲಟ್. ಶಿವಮೊಗ್ಗದ ನನ್ನ ಕೋಣೆಗೆ ಬಂದು ಕೂತವನು ಮೊದಲು ಕೇಳಿದ್ದು ಒಂದೇ: "ಇಲ್ಲಿಗೆ ಬಂದಿದ್ದು ಕಂಪನಿಗೆ ಗೊತ್ತಾಗುತ್ತಾ ಮೇಡಂ?" ಪೈಲಟ್‌ಗಳಿಗೆ ಈ ಭಯ ಜಾಸ್ತಿ. ಮೆಡಿಕಲ್, ಅಂದರೆ ಹಾರಲು ಫಿಟ್ ಅನ್ನುವ ವೈದ್ಯಕೀಯ ಪ್ರಮಾಣಪತ್ರ, ಹೋದರೆ ಕೆಲಸವೇ ಹೋದ ಹಾಗೆ. ಮಾತು ಇಲ್ಲೇ ಇರುತ್ತದೆ, ಆದರೆ ನೀವು ಹಾರುವುದು ಅಪಾಯ ಅಂತ ನನಗೆ ಅನ್ನಿಸಿದರೆ ಅದನ್ನು ಮುಚ್ಚಿಡುವುದಿಲ್ಲ, ಮೊದಲು ನಿಮ್ಮ ಹತ್ತಿರವೇ ಹೇಳುತ್ತೇನೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಆಯ್ತು, ನೀನು ಅಂತಲೇ ಮಾತಾಡ್ಸಿ" ಅಂದ. ಹಾಗಾಗಿ ಇಲ್ಲೂ ಏಕವಚನ.

ನಡೆದದ್ದು ಇಷ್ಟು. ಒಂದು ದೊಡ್ಡ ನಿಲ್ದಾಣ, ರಾತ್ರಿ, ಮಳೆ. ವಿಮಾನ ಇಳಿದಾಗಿದೆ, ನಿಲ್ಲುವ ಜಾಗಕ್ಕೆ ನೆಲದ ಮೇಲೆ ಹೋಗಬೇಕು. ಅದನ್ನು ಟ್ಯಾಕ್ಸಿ ಮಾಡುವುದು ಅನ್ನುತ್ತಾರೆ, ಆ ದಾರಿಯೇ ಟ್ಯಾಕ್ಸಿವೇ. ಕ್ಯಾಪ್ಟನ್ ವಿಮಾನ ತಿರುಗಿಸುತ್ತಿದ್ದಾರೆ, ಇವನ ಕೈಯಲ್ಲಿ ನಕ್ಷೆ ಮತ್ತು ರೇಡಿಯೋ. ಒಂದು ಟ್ಯಾಕ್ಸಿವೇಯಲ್ಲಿ ಕಾಮಗಾರಿ ನಡೆದಿತ್ತು. ಹಳೆಯ ಹಳದಿ ಗೆರೆಗೆ ಕಪ್ಪು ಬಣ್ಣ ಬಳಿದು, ಪಕ್ಕದಲ್ಲಿ ಹೊಸ ಗೆರೆ ಎಳೆದಿದ್ದರು. ಹಗಲಲ್ಲಿ ತೊಂದರೆಯಿಲ್ಲ. ನೆಲ ಒದ್ದೆಯಾಗಿ ವಿಮಾನದ ದೀಪ ಬಿದ್ದಾಗ ಬಳಿದು ಮುಚ್ಚಿದ ಗೆರೆಯೂ ಹೊಸದರಷ್ಟೇ ಹೊಳೆಯಿತು. ಕ್ಯಾಪ್ಟನ್ ಹಳೆಯದನ್ನು ಹಿಡಿದರು. ಬದಿಯ ಕಪ್ಪು ಫಲಕದಲ್ಲಿದ್ದ ಅಕ್ಷರ ತನ್ನ ನಕ್ಷೆಯ ಅಕ್ಷರಕ್ಕೆ ಹೊಂದುತ್ತಿಲ್ಲ ಅಂತ ಇವನಿಗೆ ಕಂಡಿತು. ಸುಮ್ಮನಿದ್ದ. ಮುಂದೆ ಹಳದಿ ದೀಪಗಳು ಮಿನುಗಿದವು. ಇನ್ನೊಂದು ರನ್‌ವೇ ಹತ್ತಿರ ಬಂತು ಅನ್ನುವ ಎಚ್ಚರಿಕೆ ಅದು. ಕ್ಯಾಪ್ಟನ್ ಬ್ರೇಕ್ ಹಾಕಿದರು, ರೇಡಿಯೋದಲ್ಲಿ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಕೂಡ ಅಲ್ಲೇ ನಿಲ್ಲಲು ಹೇಳಿದರು. ರನ್‌ವೇಗೆ ಮುಂಚೆ ನಿಲ್ಲಬೇಕಾದ ಗೆರೆ ದಾಟಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ವರದಿ ಬರೆದರು, ಇಬ್ಬರನ್ನೂ ಕರೆದು ಮಾತಾಡಿದರು, ಮತ್ತೊಮ್ಮೆ ತರಬೇತಿ ಕೊಟ್ಟರು.

ಹೊರಗಿನವರ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಇವನಿಗೆ ಮುಗಿದಿರಲಿಲ್ಲ.

ಎರಡನೇ ಭೇಟಿಯಲ್ಲಿ ಬಿಳಿ ಹಾಳೆ, ಹಳದಿ ಸ್ಕೆಚ್ ಪೆನ್ ಕೊಟ್ಟು, "ನಿಮ್ಮ ಗೆರೆಗಳನ್ನ ನನಗೆ ಕಲಿಸು" ಅಂದೆ. ಅಲ್ಲಿಯವರೆಗೆ ನೆಲ ನೋಡಿಕೊಂಡು ಮಾತಾಡುತ್ತಿದ್ದವನ ದನಿಯೇ ಬದಲಾಯಿತು. ರನ್‌ವೇ ಮೇಲಿನ ಬಣ್ಣ ಬಿಳಿ, ಟ್ಯಾಕ್ಸಿವೇಯದ್ದು ಹಳದಿ. ರಾತ್ರಿ ಟ್ಯಾಕ್ಸಿವೇ ನಡುವೆ ಹಸಿರು ದೀಪ, ಅಂಚಿಗೆ ನೀಲಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇದ್ದರೆ ನೀವು ಇರುವ ಜಾಗ ಅದು. ಹಳದಿ ಫಲಕದ ಮೇಲೆ ಕಪ್ಪು ಅಕ್ಷರ ಇದ್ದರೆ ಯಾವ ಕಡೆ ಏನಿದೆ ಅಂತ ತೋರಿಸುತ್ತದೆ. ಕೆಂಪು ಫಲಕದಲ್ಲಿ ಬಿಳಿ ಅಕ್ಷರ ಕಂಡರೆ ಅನುಮತಿ ಇಲ್ಲದೆ ಮುಂದೆ ಹೋಗುವ ಹಾಗಿಲ್ಲ. ಐ, ಓ ಅಕ್ಷರಗಳನ್ನು ಟ್ಯಾಕ್ಸಿವೇ ಹೆಸರಿಗೆ ಬಳಸುವುದೇ ಇಲ್ಲವಂತೆ, ಒಂದು ಮತ್ತು ಸೊನ್ನೆ ಅಂತ ಓದಿಬಿಡಬಹುದಲ್ವಾ! ಕೊನೆಗೆ ನಾಲ್ಕು ಅಡ್ಡಗೆರೆ ಎಳೆದ. ಎರಡು ತುಂಬುಗೆರೆ, ಎರಡು ತುಂಡುಗೆರೆ. "ತುಂಬುಗೆರೆ ನಮ್ಮ ಕಡೆ ಇದ್ರೆ ರನ್‌ವೇ ಮುಂದಿದೆ, ಕೇಳದೆ ದಾಟೋ ಹಾಗಿಲ್ಲ. ತುಂಡುಗೆರೆ ನಮ್ಮ ಕಡೆ ಇದ್ರೆ ರನ್‌ವೇಯಿಂದ ಆಚೆ ಬರ್ತಿದೀವಿ. ಬಾಲ ಸಮೇತ ಪೂರ್ತಿ ದಾಟ್ಬೇಕು."

ಒಂದು ತಪ್ಪಿಲ್ಲ, ತಡವರಿಕೆಯಿಲ್ಲ. ಅಂದಮೇಲೆ ರಾತ್ರಿ ಎರಡರ ತನಕ ಓದಿ ತುಂಬಿಸಬೇಕಾದ ಕೊರತೆ ಅಲ್ಲಿರಲಿಲ್ಲ. ಅದನ್ನೇ ಹೇಳಿದೆ: "ನಿನಗೆ ಗೆರೆ ಗೊತ್ತಿತ್ತು. ಫಲಕ ಹೊಂದ್ತಿಲ್ಲ ಅನ್ನೋದೂ ಗೊತ್ತಿತ್ತು. ಬಾಯಿ ಯಾಕೆ ಬರಲಿಲ್ಲ?"

ತುಂಬ ಹೊತ್ತಾದ ಮೇಲೆ ಉತ್ತರ ಬಂತು. "ಅಷ್ಟು ವರ್ಷ ಹಾರಿದವರು. ಅವರಿಗೆ ಗೊತ್ತಿರುತ್ತೆ ಅನ್ಕೊಂಡೆ. ಕೇಳಿದ್ರೆ ನಾನೇ ಸರಿಯಾಗಿ ಓದಿಲ್ಲ ಅಂತ ಆಗುತ್ತಲ್ಲ." ಮನೆಯಲ್ಲಿ ಅಪ್ಪನ ಮಾತು ಒಂದಿತ್ತಂತೆ: ಒಂದು ಸಲ ಹೇಳಿದ್ದನ್ನು ಎರಡನೇ ಸಲ ಕೇಳಬಾರದು. ಎಲ್ಲ ಮನೆಯ ಅಪ್ಪಂದಿರೂ ಹೇಳುವ ಮಾತೇ. ಆದರೆ ಈ ಹುಡುಗ ಅದನ್ನು ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನ ಹತ್ತುವಾಗಲೂ ಜೊತೆಗೇ ಒಯ್ದಿದ್ದ.

ಅವನು ರಾತ್ರಿ ಓದುತ್ತಿದ್ದದ್ದು ನಕ್ಷೆ ಮಾತ್ರ ಅಲ್ಲ, ಅಪಘಾತದ ವರದಿಗಳನ್ನೂ. ಅದರಲ್ಲೂ ಇಟಲಿಯ ಮಿಲಾನ್ ಲಿನಾಟೆ ನಿಲ್ದಾಣದ್ದು. 2001ರ ಅಕ್ಟೋಬರ್ 8, ದಟ್ಟ ಮಂಜು. ಆರ್5 ಅನ್ನುವ ಟ್ಯಾಕ್ಸಿವೇ ಹಿಡಿಯಬೇಕಿದ್ದ ಸಣ್ಣ ಜೆಟ್ ಆರ್6 ಹಿಡಿದು ರನ್‌ವೇಗೆ ಬಂತು. ಮೇಲೇಳುತ್ತಿದ್ದ ದೊಡ್ಡ ವಿಮಾನ ಅದಕ್ಕೆ ಬಡಿಯಿತು. 118 ಜನ ಸತ್ತರು. "ನಾನೂ ಹಾಗೇ ಮಾಡ್ತಿದ್ದೆ ಮೇಡಂ" ಅಂತ ಪದೇ ಪದೇ ಅನ್ನುತ್ತಿದ್ದ. ಇಂಥದ್ದನ್ನು ಬಿಟ್ಟುಬಿಡು ಅಂದರೆ ಯಾರೂ ಬಿಡುವುದಿಲ್ಲ. ಹಾಗಾಗಿ ಅವನ ಬಾಯಲ್ಲೇ ಪೂರ್ತಿ ಹೇಳಿಸಿದೆ. ನೆಲದ ಗುರುತುಗಳು ಮಾಸಿದ್ದವು. ನೆಲದ ರಾಡಾರ್ ಕೆಲಸ ಮಾಡುತ್ತಿರಲಿಲ್ಲ. ಸಣ್ಣ ಜೆಟ್‌ನ ಪೈಲಟ್ ತಾನು ಎಸ್4 ಹತ್ತಿರ ಇದ್ದೇನೆ ಅಂತ ರೇಡಿಯೋದಲ್ಲಿ ಹೇಳಿಯೂ ಇದ್ದ. ಎಸ್4 ಅನ್ನುವ ಗುರುತು ಕಂಟ್ರೋಲರ್‌ನ ನಕ್ಷೆಯಲ್ಲೇ ಇರಲಿಲ್ಲ. ಅದು ಎಲ್ಲಿದೆ ಅಂತ ಬಗೆಹರಿಯದೆಯೇ ಮುಂದೆ ಹೋಗಲು ಅನುಮತಿ ಸಿಕ್ಕಿತು. ಇಷ್ಟು ಹೇಳಿ ಅವನೇ ನಿಲ್ಲಿಸಿದ. "ಎಸ್4 ಎಲ್ಲಿದೆ ಅಂತ ಬಿಡದೆ ಕೇಳ್ಬೇಕಿತ್ತು ಅಲ್ವಾ?" ನಾನು ತಲೆ ಆಡಿಸಿದೆ, ಅಷ್ಟೇ.

ಅಲ್ಲಿಂದ ಕೆಲಸ ಸುಲಭವಾಯಿತು. ಅವನ ವೃತ್ತಿಯ ನಿಯಮವೇ ನನ್ನ ನೆರವಿಗೆ ಬಂತು. ಅಡ್ಡಕ್ಕೆ ಕೆಂಪು ದೀಪದ ಸಾಲು ಉರಿಯುತ್ತಿದ್ದರೆ, ಕಂಟ್ರೋಲರ್ ಹೋಗು ಅಂದರೂ ದಾಟುವ ಹಾಗಿಲ್ಲ, ನಿಂತು ಕೇಳಬೇಕು. ಎಲ್ಲಿದ್ದೇವೆ ಅಂತ ಅನುಮಾನ ಬಂದರೆ ತಕ್ಷಣ ನಿಲ್ಲಿಸಿ ಕಂಟ್ರೋಲರ್‌ಗೆ ತಿಳಿಸಬೇಕು. ರನ್‌ವೇ ಮೇಲೇ ಇದ್ದೇವೆ ಅಂತ ಗೊತ್ತಾದರೆ ಮಾತ್ರ ಅದನ್ನು ತಿಳಿಸಿ, ಹತ್ತಿರದ ಟ್ಯಾಕ್ಸಿವೇಗೆ ಬೇಗ ಆಚೆ ಬಂದು ನಿಲ್ಲಬೇಕು. "ಪ್ರೋಗ್ರೆಸಿವ್ ಟ್ಯಾಕ್ಸಿ" ಅಂತ ಕೇಳಿದರೆ ಒಂದೊಂದು ತಿರುವಿಗೂ ದಾರಿ ಹೇಳುತ್ತಾರಂತೆ. ಕೇಳುವುದು ಇಲ್ಲಿ ಹಕ್ಕು ಮಾತ್ರ ಅಲ್ಲ, ಡ್ಯೂಟಿ. "ಹಾಗಾದ್ರೆ ನೀನು ಸುಮ್ನಿದ್ದಿದ್ದು ವಿನಯ ಅಲ್ಲ ಬಿಡು" ಅಂದೆ. ಸ್ವಲ್ಪ ಒರಟಾಯಿತೇನೋ, ಆದರೆ ಬೇಕಿತ್ತು.

ಮುಂದಿನ ಭೇಟಿಗಳಲ್ಲಿ ನಾನು ಕ್ಯಾಪ್ಟನ್ ಆದೆ. ಕುರ್ಚಿ ಪಕ್ಕಕ್ಕೆ ಹಾಕಿಕೊಂಡು ಅವನದೇ ಹಾಳೆಯ ಮೇಲೆ ತಪ್ಪು ಗೆರೆಯಲ್ಲಿ ಬೆರಳು ಓಡಿಸಿದೆ. ಅವನು ತಡೆಯಬೇಕು. ಮೊದಲ ಸಲ ಬಂದದ್ದು: "ಸಾರಿ ಸರ್, ಬಹುಶಃ ನಾನೇ ತಪ್ಪು ನೋಡಿರಬಹುದು, ಆದ್ರೂ..." ಅಷ್ಟರಲ್ಲಿ ನನ್ನ ಬೆರಳು ರನ್‌ವೇ ದಾಟಿತ್ತು. ಇಬ್ಬರೂ ನಕ್ಕೆವು. ಸಾರಿ ತೆಗೆಸಿದೆ, ಬಹುಶಃ ತೆಗೆಸಿದೆ. ಉಳಿದದ್ದು "ಸ್ಟಾಪ್ ಸರ್. ಐ ಆಮ್ ನಾಟ್ ಶೂರ್ ವೇರ್ ವಿ ಆರ್." ಮನಸ್ಸಲ್ಲಿ ಅಲ್ಲ, ಬಾಯಿಬಿಟ್ಟು, ಬಾಯಿಪಾಠ ಆಗುವವರೆಗೆ ಹೇಳಿಸಿದೆ.

ಓದಿಗೂ ಒಂದು ಕಟ್ಟು ಹಾಕಿಕೊಂಡ. ಊಟ ಆದ ಮೇಲೆ ನಕ್ಷೆ ಮುಟ್ಟುವುದಿಲ್ಲ. ಹಾರುವ ದಿನ, ಗೊಂದಲಕ್ಕೆ ಹೆಸರಾದ ತಿರುವುಗಳನ್ನು ನಕ್ಷೆಯಲ್ಲಿ "ಹಾಟ್ ಸ್ಪಾಟ್" ಅಂತ ಗುರುತಿಸಿರುತ್ತಾರಲ್ಲ, ಅವನ್ನು ಕ್ಯಾಪ್ಟನ್ ಜೊತೆ ಮೊದಲೇ ಬಾಯಲ್ಲಿ ಹೇಳಿಕೊಳ್ಳುವುದು. ದಾರಿ ಬರೆದುಕೊಳ್ಳುವುದು. ತಿರುವಿನ ಹತ್ತಿರ ಇಬ್ಬರ ಕಣ್ಣೂ ಹೊರಗೆ. ಇವೆಲ್ಲ ನನ್ನ ಸಲಹೆ ಅಲ್ಲ, ಅವನೇ ಪಟ್ಟಿ ಮಾಡಿದ್ದು. ನಾನು ಒತ್ತಿ ಹೇಳಿದ್ದು ನಿದ್ರೆಯ ಬಗ್ಗೆ. ಮೆಡಿಕಲ್ ಶಾಪ್‌ನಿಂದ ನಿದ್ರೆ ಮಾತ್ರೆ ತಂದು ನುಂಗಬೇಡ, ವಿಮಾನಯಾನದ ಮೆಡಿಕಲ್ ಗೊತ್ತಿರುವ ವೈದ್ಯರನ್ನೇ ನೋಡು, ನಿದ್ರೆ ಸರಿಹೋಗುವವರೆಗೆ ಡ್ಯೂಟಿಗೆ ಹೋಗಬೇಡ ಅಂದೆ. ಮುಖ ಸಪ್ಪಗಾಯಿತು, ಆದರೂ ರಜೆ ಮುಂದುವರಿಸಿದ. ತನ್ನ ಸಂಸ್ಥೆಯಲ್ಲೇ ಒಬ್ಬ ಹಿರಿಯ ಪೈಲಟ್ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದ. ಅದು ನನ್ನ ಮಾತಿಗಿಂತ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅಂದಾಜು.

ಅಪ್ಪ ಒಂದೇ ಸಲ ಬಂದರು, ಕೈಯಲ್ಲಿ ಅಡಿಕೆ ಮಂಡಿಯ ಚೀಟಿ ಹಿಡಿದುಕೊಂಡು, ಪೇಟೆಗೆ ಬಂದವರು ಹಾಗೇ ಬಂದೆ ಅನ್ನುವ ಹಾಗೆ. "ಹಿರಿಯರು ಪಕ್ಕದಲ್ಲಿ ಕೂತಿರುವಾಗ ಇವನು ನಿಲ್ಸಿ ಅನ್ನೋದು ಸರಿನಾ ಮೇಡಂ?" ನಾನು ಮಗನ ಕಡೆ ನೋಡಿದೆ. ಅವನು ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರನ ಮಾತು ತೆಗೆದು, ಪ್ರಶ್ನೆಯನ್ನು ಅಪ್ಪನಿಗೇ ತಿರುಗಿಸಿದ. "ಕೊನೆಗಾರ ಮೇಲಿಂದ ಕೊನೆ ಬಿಡುವಾಗ ಹಗ್ಗ ಹಿಡಿದವನು ತಡಿ ಅಂದ್ರೆ ಏನ್ ಮಾಡ್ತಾನಪ್ಪಾ?" "ತಡೀತಾನೆ, ಇನ್ನೇನು." "ಕೆಳಗಿನವನು ಸಣ್ಣ ಹುಡುಗ ಆದ್ರೆ?" ಅಪ್ಪ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು. "ಆದ್ರೂ ತಡೀತಾನೆ" ಅಂದರು.

ವೈದ್ಯರು ಫಿಟ್ ಅಂದ ಮೇಲೆ ಅವನು ಡ್ಯೂಟಿಗೆ ಹೋದ. ನಡುವೆ ಒಮ್ಮೆ ಫೋನ್ ಮಾಡಿದ್ದ. ಬೆಂಗಳೂರಿನ ಹಾಗೆ ಎರಡು ರನ್‌ವೇ ಇರುವ ಒಂದು ನಿಲ್ದಾಣದಲ್ಲಿ ಫಲಕ ನೋಡಿ ಅನುಮಾನ ಬಂದು ನಿಲ್ಲಿಸಿ ಅಂದನಂತೆ. ಕ್ಯಾಪ್ಟನ್ ನಿಲ್ಲಿಸಿ ಕಂಟ್ರೋಲರ್‌ನ ಕೇಳಿದರು. ನೋಡಿದರೆ ದಾರಿ ಸರಿಯಾಗೇ ಇತ್ತು, ಅನುಮಾನವೇ ತಪ್ಪು. "ಬೈದ್ರಾ?" ಅಂದೆ. "ಇಲ್ಲ ಮೇಡಂ, ಓಕೆ ಅಂತ ಮುಂದೆ ಹೋದ್ರು." ನಿದ್ರೆ ಈಗ ಪರವಾಗಿಲ್ಲ ಅಂದ. ತೋಟದ ಸಾಲದ ಮಾತು ಅಪ್ಪನ ಜೊತೆ ಇನ್ನೂ ಆಡಿಲ್ಲ. ಅದಕ್ಕೆ ಮುಂದಿನ ರಜೆಯಲ್ಲಿ ಇಬ್ಬರೂ ಒಟ್ಟಿಗೆ ಬರುತ್ತೇವೆ ಅಂದಿದ್ದಾನೆ.