ಪ್ರಶ್ನೋತ್ತರ: ಅಂಗಾಂಶದ ತುಣುಕು ಸ್ಲೈಡು ಸೇರುವ ಮುನ್ನ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಐದು ಕೊಡಗಿನವು. ಐದೂ ಒಂದೇ ಕೆಲಸಕ್ಕೆ, ಅಂದರೆ ದೇಹದಿಂದ ತೆಗೆದ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ನೋಡುವಂತೆ ಸಿದ್ಧಪಡಿಸುವ ಕೆಲಸಕ್ಕೆ ಸಂಬಂಧಿಸಿದವಾದ್ದರಿಂದ ಒಟ್ಟಿಗೇ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ನರ್ಸಿಂಗ್ ಹೋಮಿನಲ್ಲಿ ಹಿಸ್ಟೊಪೆಥಾಲಜಿ (ಅಂಗಾಂಶ ಪರೀಕ್ಷೆಯ) ವಿಭಾಗವಿಲ್ಲ, ಶಸ್ತ್ರಕ್ರಿಯೆಯಲ್ಲಿ ತೆಗೆದುದನ್ನು ಮೈಸೂರಿಗೆ ಕಳುಹಿಸುತ್ತೇವೆ. ಗರ್ಭಕೋಶವೊಂದನ್ನು ಫಾರ್ಮಲಿನ್‌ನಲ್ಲಿಯೇ ಹಾಕಿ ಕಳುಹಿಸಿದ್ದರೂ ‘ಒಳಭಾಗ ಕೆಟ್ಟಿದೆ, ಅಭಿಪ್ರಾಯ ಕೊಡಲಾಗದು’ ಎಂದು ವರದಿ ಬಂತು. ತಪ್ಪಿದ್ದೆಲ್ಲಿ?
— ಆಪರೇಷನ್ ಥಿಯೇಟರ್ ಸಿಬ್ಬಂದಿ, ವಿರಾಜಪೇಟೆ

ಉತ್ತರ: ಫಾರ್ಮಲಿನ್ ಹಾಕಿದ್ದೀರಿ ಎಂಬುದರಲ್ಲಿ ಸಂಶಯವಿಲ್ಲ, ಎಷ್ಟು ಹಾಕಿದಿರಿ, ಅದು ಒಳಗೆ ಎಲ್ಲಿಯವರೆಗೆ ತಲುಪಿತು ಎಂಬುದನ್ನು ನೋಡಬೇಕು. ರಕ್ತದ ಪೂರೈಕೆ ನಿಂತ ಗಳಿಗೆಯಿಂದಲೇ ಜೀವಕೋಶಗಳು ತಮ್ಮೊಳಗಿನ ಕಿಣ್ವಗಳಿಂದ ತಾವೇ ಕರಗತೊಡಗುತ್ತವೆ. ಅದನ್ನು ತಡೆಯುವ ಫಾರ್ಮಲಿನ್ ಮೊದಲ ಗಂಟೆಯಲ್ಲಿ ಸುಮಾರು 1 ಮಿಲಿಮೀಟರ್ ಒಳಹೊಕ್ಕು, ಆಳಕ್ಕೆ ಹೋದಂತೆ ಇನ್ನೂ ನಿಧಾನಿಸುತ್ತದೆ. ಬಿಡಿಸದೆ ಇಡಿಯಾಗಿ ಹಾಕಿದ ಗರ್ಭಕೋಶದ ಹೊರಗೋಡೆ ಗಟ್ಟಿಯಾಗಿ ಬೂದುಬಣ್ಣಕ್ಕೆ ತಿರುಗಿದ್ದರೂ, ವೈದ್ಯರು ಮುಖ್ಯವಾಗಿ ನೋಡಬೇಕಾದ ಒಳಪದರ ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಮೈಸೂರು ಮುಟ್ಟುವ ಹೊತ್ತಿಗೂ ಹಸಿಯಾಗಿಯೇ ಉಳಿದಿರುತ್ತದೆ. ಆದ್ದರಿಂದ ದೊಡ್ಡ ಅಂಗವನ್ನು ಸೀಳಿ ತೆರೆದು ಹಾಕಬೇಕು. ಎಲ್ಲಿ ಸೀಳಬೇಕೆಂಬುದನ್ನು ಶಸ್ತ್ರಚಿಕಿತ್ಸಕರೂ ಪೆಥಾಲಜಿ ವೈದ್ಯರೂ ಮೊದಲೇ ಮಾತಾಡಿಕೊಂಡಿರಬೇಕು, ಏಕೆಂದರೆ ಗಡ್ಡೆಯ ಅಂಚು ಎಲ್ಲಿ ಮುಗಿಯಿತೆಂಬ ಗುರುತು ಅಡ್ಡಾದಿಡ್ಡಿ ಕೊಯ್ದರೆ ಅಳಿಸಿಹೋಗುತ್ತದೆ.

ಅಂಗಾಂಶದ ಗಾತ್ರದ ಕನಿಷ್ಠ 10 ಪಟ್ಟು ದ್ರಾವಣ ಬೇಕು. ಚಿಕ್ಕ ಡಬ್ಬಿಯಲ್ಲಿ ಅಂಗವನ್ನು ತುರುಕಿ ಮೇಲೆ ನಾಲ್ಕು ಚಮಚ ಫಾರ್ಮಲಿನ್ ಸುರಿಯುವುದು ಉಪ್ಪಿನಕಾಯಿಗೆ ಸಾಕಾದೀತು, ಇದಕ್ಕೆ ಸಾಲದು. ಕಿರಿದಾದ ಬಾಯಿಯ ಬಾಟಲಿಯೂ ಬೇಡ. ಮೆತ್ತಗಿದ್ದಾಗ ಒಳಗೆ ಹೋದುದು ಗಟ್ಟಿಯಾದ ಮೇಲೆ ಹೊರಗೆ ಬಾರದು, ಎಳೆದರೆ ಹರಿಯುತ್ತದೆ. ದ್ರಾವಣ ಮಾಡುವ ಅಳತೆ ಇದು: ಅಂಗಡಿಯಲ್ಲಿ ಸಿಗುವ, ಶೇ. 37ರಿಂದ 40ರಷ್ಟು ಫಾರ್ಮಾಲ್ಡಿಹೈಡ್ ಇರುವ ಫಾರ್ಮಲಿನ್ 100 ಮಿಲಿಲೀಟರ್, ಭಟ್ಟಿ ಇಳಿಸಿದ ನೀರು 900 ಮಿಲಿಲೀಟರ್, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ನಿರ್ಜಲ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಈ ಎರಡು ಲವಣಗಳನ್ನು ಬಿಟ್ಟರೆ ದ್ರಾವಣ ದಿನ ಕಳೆದಂತೆ ಆಮ್ಲೀಯವಾಗಿ, ರಕ್ತ ಹೆಚ್ಚಿರುವ ಅಂಗಾಂಶದಲ್ಲಿ ಕಂದುಗಪ್ಪು ಕಣಗಳನ್ನು ಉಳಿಸುತ್ತದೆ. ನೋಡುವವರಿಗೆ ಅವು ಮಲೇರಿಯಾದ ಕಣಗಳೋ ಎಂಬ ಭ್ರಮೆ ಹುಟ್ಟಿಸುತ್ತವೆ.

ರೋಗಿಯ ಹೆಸರನ್ನು ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಬರೆಯಿರಿ. ನಾಲ್ಕು ಡಬ್ಬಿಗಳನ್ನು ಒಟ್ಟಿಗೆ ತೆರೆದಾಗ ಅದಲುಬದಲಾಗುವುದು ಮುಚ್ಚಳಗಳೇ. ಅಂಗ ಹೊರಬಂದ ಸಮಯವನ್ನೂ ಫಾರ್ಮಲಿನ್‌ಗೆ ಹಾಕಿದ ಸಮಯವನ್ನೂ ಚೀಟಿಯಲ್ಲಿ ನಮೂದಿಸಿ. ಸ್ತನದ ಗಡ್ಡೆಯಾದರೆ ಇದು ಇನ್ನೂ ಮುಖ್ಯ: ಒಂದು ಗಂಟೆಯೊಳಗೆ ಫಾರ್ಮಲಿನ್ ಸೇರಿ, ಅದರಲ್ಲಿ 6 ಗಂಟೆಗೆ ಕಡಿಮೆಯಿಲ್ಲದೆ 72 ಗಂಟೆ ಮೀರದೆ ಇದ್ದರೆ ಮಾತ್ರ ಹಾರ್ಮೋನ್ ಗ್ರಾಹಕಗಳ ಪರೀಕ್ಷೆಯನ್ನು ನಂಬಬಹುದು. ಕ್ಷಯದ ಕಲ್ಚರ್‌ಗೆ, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಹೋಗಬೇಕಾದ ತುಣುಕಿಗೆ ಮಾತ್ರ ಫಾರ್ಮಲಿನ್ ಸೋಕಿಸಲೇಬಾರದು, ಅದರಲ್ಲಿ ರೋಗಾಣು ಬದುಕದು.

ಪ್ರಶ್ನೆ: ನನ್ನ ತಂದೆಯವರಿಂದ ತೆಗೆದದ್ದು ಅಕ್ಕಿಕಾಳಿನಷ್ಟು ತುಣುಕು. ವರದಿಗೆ ಐದು ದಿನ ಬೇಕೆಂದರು. ರಕ್ತಪರೀಕ್ಷೆ ಸಂಜೆಗೇ ಬರುವಾಗ ಇದಕ್ಕೇಕಿಷ್ಟು ತಡ?
— ಕಾಫಿ ಬೆಳೆಗಾರರು, ಸೋಮವಾರಪೇಟೆ

ಉತ್ತರ: ಮೇಲೆ ಒಣಗಿ ಒಳಗೆ ಹಸಿಯಿರುವ ಕಾಫಿ ಹಣ್ಣನ್ನು ಚೀಲಕ್ಕೆ ತುಂಬಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿಯೂ ತುಣುಕಿನೊಳಗಿನ ನೀರನ್ನೆಲ್ಲ ತೆಗೆದು ಆ ಜಾಗಕ್ಕೆ ಮೇಣ ತುಂಬಬೇಕು. ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮೇಲೆ ಶೇ. 70ರಿಂದ 100ರವರೆಗೆ ಹಂತಹಂತವಾಗಿ ಏರುವ ಆಲ್ಕೊಹಾಲ್, ಬಳಿಕ ಆ ಆಲ್ಕೊಹಾಲನ್ನು ತೆಗೆದು ಮೇಣಕ್ಕೆ ದಾರಿ ಮಾಡಿಕೊಡುವ ಝೈಲೀನ್ ಎಂಬ ದ್ರವ, ಬಳಿಕ 60 ಡಿಗ್ರಿಯ ಆಸುಪಾಸಿನ ಕರಗಿದ ಪ್ಯಾರಾಫಿನ್ ಮೇಣ. ಇದಕ್ಕೇ ಸಾಮಾನ್ಯವಾಗಿ ಒಂದು ರಾತ್ರಿ ಹಿಡಿಯುತ್ತದೆ. ಮರುದಿನ ಮೇಣದ ಅಚ್ಚಿನಿಂದ 3–4 ಮೈಕ್ರಾನ್ ದಪ್ಪದ ಹಾಳೆ ಕೊಯ್ದು, ಬಣ್ಣ ಹಾಕಿ, ವೈದ್ಯರು ನೋಡಬೇಕು. ಸಂಶಯವಿದ್ದರೆ ಅದೇ ಅಚ್ಚಿನಿಂದ ಮತ್ತೆ ಕೊಯ್ಯಬೇಕು. ಮೂಳೆಯಾದರೆ ಸುಣ್ಣದಂಶ ಕರಗಿಸಲು ಇನ್ನಷ್ಟು ದಿನಗಳು ಬೇಕು. ತಂದೆಯವರ ವಿಷಯದಲ್ಲಿ ಐದು ದಿನ ಹೆಚ್ಚೇನಲ್ಲ.

ಪ್ರಶ್ನೆ: ಜುಲೈ ಬಂತೆಂದರೆ ನಮ್ಮ ಝೈಲೀನ್ ಹಾಲಿನಂತೆ ಬೆಳ್ಳಗಾಗುತ್ತದೆ, ಮೇಣದ ಬ್ಲಾಕಿನ ನಡುವೆ ಅಂಗಾಂಶ ಕುಸಿದು ಗುಳಿ ಬೀಳುತ್ತದೆ, ಕೊಯ್ದ ಹಾಳೆಗಳ ರಿಬ್ಬನ್ ಹರಿಯುತ್ತದೆ. ಹಾಳೆ ಕೊಯ್ಯುವ ಯಂತ್ರವಾದ ಮೈಕ್ರೋಟೋಮಿನ ಬ್ಲೇಡು ಬದಲಿಸಿದರೂ ಪ್ರಯೋಜನವಿಲ್ಲ.
— ಪ್ರಯೋಗಾಲಯ ತಂತ್ರಜ್ಞಾನ ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಬ್ಲೇಡನ್ನು ಬಿಡಿ, ಆಲ್ಕೊಹಾಲನ್ನು ನೋಡಿ. ನಿರ್ಜಲ ಆಲ್ಕೊಹಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಡಿಕೇರಿಯ ಮಳೆಗಾಲದ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಬಾಟಲಿಯ ಮೇಲಿನ ಚೀಟಿ ಶೇ. 100 ಎನ್ನುತ್ತಿದ್ದರೂ ಒಳಗಿರುವುದು ಅದಾಗಿರುವುದಿಲ್ಲ. ಉಳಿದ ನೀರು ಝೈಲೀನ್‌ನೊಂದಿಗೆ ಬೆರೆಯದೆ ಹಾಲಿನಂತೆ ಕಾಣುತ್ತದೆ. ಆ ಜಾಗಕ್ಕೆ ಮೇಣ ಹೋಗದ ಕಾರಣ ಗುಳಿ ಬೀಳುತ್ತದೆ. ಬೆಳ್ಳಗಾದದ್ದು ಕಂಡ ಕೂಡಲೆ ತುಣುಕುಗಳನ್ನು ಹೊಸ ನಿರ್ಜಲ ಆಲ್ಕೊಹಾಲ್‌ಗೆ ಹಿಂದಿರುಗಿಸಿ, ಝೈಲೀನನ್ನೂ ಬದಲಿಸಿ.

ತೋಟದಲ್ಲಿ ಬೋರ್ಡೊ ದ್ರಾವಣಕ್ಕೆ ಬಳಸುವ ಮೈಲುತುತ್ತ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಪ್ರಯೋಗಾಲಯ ದರ್ಜೆಯ ಮೈಲುತುತ್ತವನ್ನು ಕಾಯಿಸಿ ಬಿಳಿ ಪುಡಿಯಾಗಿಸಿ, ಕೊನೆಯ ಆಲ್ಕೊಹಾಲ್ ಪಾತ್ರೆಯ ತಳದಲ್ಲಿ ಹರಡಿ, ಮೇಲೆ ಫಿಲ್ಟರ್ ಕಾಗದ ಹೊದಿಸಿ. ಪುಡಿ ನೀಲಿಗೆ ತಿರುಗಿದರೆ ನೀರು ಸೇರಿದೆ ಎಂದು ತಿಳಿದು ಆಲ್ಕೊಹಾಲ್ ಬದಲಿಸಬಹುದು. ಕ್ಯಾಸೆಟ್ಟಿಗೆ (ತುಣುಕನ್ನಿಡುವ ರಂಧ್ರಗಳ ಪುಟ್ಟ ಡಬ್ಬಿಗೆ) ಹಾಕುವ ಹೋಳು 3–4 ಮಿಲಿಮೀಟರಿಗಿಂತ ದಪ್ಪವಿರಬಾರದು, ಮುಚ್ಚಳ ಮುಚ್ಚಿದಾಗ ಅದು ಒತ್ತಲ್ಪಡಬಾರದು. ಹಾಗೆಂದು ಭಯದಿಂದ ಎಲ್ಲವನ್ನೂ ಗಂಟೆಗಟ್ಟಲೆ ಹೆಚ್ಚು ಹೊತ್ತು ಆಲ್ಕೊಹಾಲ್‌ನಲ್ಲಿ ಇಟ್ಟರೆ ಚಿಕ್ಕ ಬಯಾಪ್ಸಿಗಳು ಹಪ್ಪಳದಂತಾಗಿ ಕೊಯ್ಯುವಾಗ ಸೀಳು ಬಿಡುತ್ತವೆ. ದೊಡ್ಡವಕ್ಕೂ ಚಿಕ್ಕವಕ್ಕೂ ಬೇರೆಬೇರೆ ಅವಧಿ ಇಟ್ಟುಕೊಳ್ಳುವುದು ಒಳ್ಳೆಯದು.

ನಾನು ಕೆಲಸಕ್ಕೆ ಸೇರಿದ ಮೊದಲ ಕಕ್ಕಡ ಮಾಸದ ಮಳೆಯಲ್ಲಿ ಒಂದು ರಾತ್ರಿ ಕರೆಂಟು ಹೋಗಿ, ಕ್ಯಾಸೆಟ್ಟುಗಳನ್ನು ಒಂದು ದ್ರಾವಣದಿಂದ ಇನ್ನೊಂದಕ್ಕೆ ಸಾಗಿಸುವ ಯಂತ್ರದ ಬುಟ್ಟಿ ಎರಡು ಪಾತ್ರೆಗಳ ನಡುವೆ ಮೇಲೆತ್ತಿದಂತೆಯೇ ನಿಂತಿತ್ತು. ಬೆಳಿಗ್ಗೆ ಬಂದು ಮುಚ್ಚಳ ತೆಗೆದಾಗ ಕ್ಯಾಸೆಟ್ಟುಗಳು ಗಾಳಿಯಲ್ಲಿ ನೇತಾಡುತ್ತಿದ್ದವು, ಒಳಗಿನ ತುಣುಕುಗಳು ಮುರುಟಿ ಒಣಗಿದ್ದವು. ಅವುಗಳಲ್ಲಿ ಒಂದು, ಮತ್ತೊಮ್ಮೆ ತೆಗೆಯಲಾಗದ ಜಾಗದ ಬಯಾಪ್ಸಿ. ಬ್ಯಾಟರಿ ವ್ಯವಸ್ಥೆ ಇಲ್ಲದ ಕಡೆ ಮಳೆಗಾಲದ ರಾತ್ರಿ ಯಂತ್ರವನ್ನು ನಂಬಬೇಡಿ. ತುಣುಕುಗಳು ಫಾರ್ಮಲಿನ್‌ನಲ್ಲೇ ರಾತ್ರಿ ಕಳೆಯಲಿ, ಬೆಳಿಗ್ಗೆ ನಿಮ್ಮ ಕಣ್ಣೆದುರೇ ಮುಂದಿನ ಹಂತ ಶುರುವಾಗಲಿ. ವರದಿ ಒಂದು ದಿನ ತಡವಾದರೆ ಯಾರಾದರೂ ಬೈದಾರು, ಬೈಸಿಕೊಳ್ಳಬಹುದು.

ಪ್ರಶ್ನೆ: ಜನವರಿಯ ಚಳಿಯಲ್ಲಿ ಫಾರ್ಮಲಿನ್ ಕ್ಯಾನಿನ ತಳದಲ್ಲಿ ಬಿಳಿ ಗಸಿ ನಿಂತಿದೆ. ಮೇಲಿನ ತಿಳಿಯನ್ನು ಬಳಸಬಹುದೇ?
— ಉಗ್ರಾಣ ನೋಡಿಕೊಳ್ಳುವವರು, ಮಡಿಕೇರಿ

ಉತ್ತರ: ಬೇಡ. ಆ ಗಸಿ ಪ್ಯಾರಾಫಾರ್ಮಾಲ್ಡಿಹೈಡ್. ಅಷ್ಟು ಫಾರ್ಮಾಲ್ಡಿಹೈಡ್ ತಳ ಸೇರಿತೆಂದರೆ ಮೇಲಿನ ತಿಳಿಯ ಶಕ್ತಿ ಅಷ್ಟು ಕುಂದಿತೆಂದೇ ಅರ್ಥ. ಒಂದಕ್ಕೆ ಒಂಬತ್ತು ನೀರು ಬೆರೆಸಿದರೆ ನಿಮ್ಮ ಲೆಕ್ಕ ತಪ್ಪುತ್ತದೆ. ಒಲೆಯ ಮೇಲಿಟ್ಟು ಕರಗಿಸುವ ಸಾಹಸ ಮಾಡಬೇಡಿ, ಆ ಹೊಗೆ ಕ್ಯಾನ್ಸರ್‌ಕಾರಕ. ಚಿಕ್ಕ ಕ್ಯಾನುಗಳನ್ನು ತರಿಸಿ, ತಣ್ಣನೆಯ ಕಲ್ಲುನೆಲದ ಮೇಲಿಡದೆ ಗಾಳಿಯಾಡುವ ಕೋಣೆಯ ಹಲಗೆಯ ಮೇಲಿಡಿ.

ಪ್ರಶ್ನೆ: ಕೋಶಕೇಂದ್ರಕ್ಕೆ ಬಣ್ಣ ಕೊಡುವ ಹೆಮಟಾಕ್ಸಿಲಿನ್ ಹಾಕಿ ನಲ್ಲಿಯಲ್ಲಿ ಹತ್ತು ನಿಮಿಷ ತೊಳೆದರೂ ಕೋಶಕೇಂದ್ರಗಳು ನೀಲಿಯಾಗದೆ ಕೆನ್ನೇರಳೆಯಾಗಿಯೇ ಉಳಿಯುತ್ತವೆ. ನಮ್ಮಲ್ಲಿ ಬರುವುದು ಬೆಟ್ಟದ ತೊರೆಯ ನೀರು.
— ತಂತ್ರಜ್ಞರು, ನಾಪೋಕ್ಲು

ಉತ್ತರ: ಕಾರಣ ನೀವೇ ಬರೆದಿದ್ದೀರಿ. ನೀಲಿಯಾಗಲು ನೀರು ತುಸು ಕ್ಷಾರೀಯವಾಗಿರಬೇಕು; ಕುಡಿಯಲು ಸೊಗಸಾದ ಮೃದು ನೀರು ಈ ಕೆಲಸಕ್ಕೆ ಸಪ್ಪೆ. ಒಂದು ಲೀಟರ್ ನೀರಿಗೆ ಮೆಗ್ನೀಷಿಯಂ ಸಲ್ಫೇಟ್ 20 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 3.5 ಗ್ರಾಂ ಕರಗಿಸಿ ಅದರಲ್ಲಿ ಸ್ಲೈಡುಗಳನ್ನು ಅದ್ದಿದರೆ ಒಂದೆರಡು ನಿಮಿಷದಲ್ಲಿ ನೀಲಿ ಏರುತ್ತದೆ. ಆಮೇಲೆ ನಿಮ್ಮ ತೊರೆಯ ನೀರಿನಲ್ಲಿಯೇ ಚೆನ್ನಾಗಿ ತೊಳೆಯಿರಿ. ಕ್ಷಾರ ಉಳಿದರೆ ಮುಂದೆ ಹಾಕುವ ಇಯೋಸಿನ್ ಎಂಬ ಗುಲಾಬಿ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.